ಗೋಲು ಗಳಿಸದವನ ಲೆಕ್ಕ ಬರೆಯುವವರಾರು?

ಹಾಕಿ ಪಂದ್ಯದ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವುದು ಮೂರೇ ಸಂಗತಿ: ಯಾರು ಗೆದ್ದರು, ಎಷ್ಟು ಅಂತರದಿಂದ ಗೆದ್ದರು, ಯಾವ ನಿಮಿಷದಲ್ಲಿ ಯಾರು ಗೋಲು ಹೊಡೆದರು. ಓದುಗನ ಮನಸ್ಸಿನಲ್ಲಿ ಆಟಗಾರನ ಚಿತ್ರ ಮೂಡುವುದು ಈ ಸಾಲುಗಳಿಂದಲೇ. ಈ ಪದ್ಧತಿ ಬೆಳೆದುದರಲ್ಲಿ ಪತ್ರಿಕೆಗಳ ಪಾಲೂ ಇದೆ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಒಳಿತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ತಂಡ ಕಂಚಿನ ಪದಕ ಗೆದ್ದಿತು. ಎಂಟು ಪಂದ್ಯಗಳಲ್ಲಿ ತಂಡ ಗಳಿಸಿದ ಗೋಲುಗಳು 15. ಆ ಪೈಕಿ 10 ಗೋಲು ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರವು. ಅವರು ಡ್ರ್ಯಾಗ್ ಫ್ಲಿಕ್ ಪರಿಣತರಾದ ರಕ್ಷಣಾ ಆಟಗಾರ. ಇನ್ನೊಂದು ಗೋಲು ಮಿಡ್‌ಫೀಲ್ಡರ್ ವಿವೇಕ್ ಸಾಗರ್ ಪ್ರಸಾದ್ ಅವರದು. ಉಳಿದ ನಾಲ್ಕು ಮಾತ್ರ ಫಾರ್ವರ್ಡ್‌ಗಳ ಪಾಲಿನವು: ಅಭಿಷೇಕ್ ಎರಡು, ಮಂದೀಪ್ ಸಿಂಗ್ ಮತ್ತು ಸುಖಜೀತ್ ಸಿಂಗ್ ತಲಾ ಒಂದು. ಲಲಿತ್ ಉಪಾಧ್ಯಾಯ, ಗುರ್ಜಂತ್ ಸಿಂಗ್ ಅವರ ಹೆಸರು ಗೋಲಿನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಗೋಲನ್ನೇ ಅಳತೆಗೋಲಾಗಿಸಿಕೊಂಡರೆ ಭಾರತದ ಇಡೀ ಮುಂಚೂಣಿ ವಿಫಲವಾಯಿತೆಂದೇ ತೀರ್ಮಾನಿಸಬೇಕಾಗುತ್ತದೆ. ಆದರೆ ಆ ಪಂದ್ಯಗಳನ್ನು ನೋಡಿದ ಯಾರೂ ಹಾಗೆ ಹೇಳಲಾರರು.

ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್ ಪಂದ್ಯವನ್ನೇ ನೆನಪಿಸಿಕೊಳ್ಳಿ. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್ ರೆಡ್ ಕಾರ್ಡ್ ಪಡೆದು ಹೊರನಡೆದರು. ಉಳಿದ ಸುಮಾರು 43 ನಿಮಿಷ ಭಾರತ ಹತ್ತೇ ಮಂದಿಯೊಂದಿಗೆ ಆಡಿತು. ಮಿಡ್‌ಫೀಲ್ಡ್‌ನಲ್ಲಿದ್ದ ಮನ್‌ಪ್ರೀತ್ ಸಿಂಗ್ ರಕ್ಷಣೆಗೆ ಇಳಿದರು. ಅವರು ತೆರವು ಮಾಡಿದ ಜಾಗವನ್ನು ತುಂಬಲು ಫಾರ್ವರ್ಡ್‌ಗಳು ಹಿಂದೆ ಓಡಿದರು, ಎದುರಾಳಿಯ ಪಾಸಿನ ದಾರಿಗಳನ್ನು ಮುಚ್ಚಿದರು, ಚೆಂಡು ಸಿಕ್ಕಾಗ ಅದನ್ನು ಮೂಲೆಯಲ್ಲಿ ಹಿಡಿದಿಟ್ಟು ಸಮಯ ಕಳೆದರು. ಪಂದ್ಯ 1-1ರಲ್ಲಿ ನಿಂತು ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಅವರಿಗೆ ಸಂದ ಹೊಗಳಿಕೆ ನ್ಯಾಯವಾದುದೇ. ಆದರೆ ಅವರವರೆಗೆ ಬರಬೇಕಿದ್ದ ಎಷ್ಟು ಚೆಂಡುಗಳು ಅಂಕಣದ ಮಧ್ಯದಲ್ಲೇ ತಡೆಯಲ್ಪಟ್ಟವು, ತಡೆದವರು ಯಾರು ಎಂಬುದು ಯಾವ ಸ್ಕೋರ್ ಪಟ್ಟಿಯಲ್ಲೂ ಬರಲಿಲ್ಲ.

ಹಾಕಿಯೇ ಹಾಗೆ ಬದಲಾಗಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂದಿತು. 1990ರ ದಶಕದಲ್ಲಿ ಆಟಗಾರರನ್ನು ಎಷ್ಟು ಬಾರಿ ಬೇಕಾದರೂ ಬದಲಿಸುವ ಅವಕಾಶ ದೊರೆಯಿತು; ಆಫ್‌ಸೈಡ್ ನಿಯಮ ರದ್ದಾಯಿತು. 2009ರಲ್ಲಿ ಫ್ರೀ ಹಿಟ್ ಪಡೆದವನು ತನಗೇ ಚೆಂಡು ತಳ್ಳಿಕೊಂಡು ಮುನ್ನುಗ್ಗಬಹುದೆಂಬ ನಿಯಮ ಜಾರಿಯಾಯಿತು. ಒಂದೊಂದು ಬದಲಾವಣೆಯೂ ಆಟದ ವೇಗ ಹೆಚ್ಚಿಸಿತು. ಗೋಲಿನ ಬಳಿ ಕಾದು ನಿಂತು ಚೆಂಡು ಬಂದಾಗ ಸ್ಟಿಕ್ ಆಡಿಸುವ ಫಾರ್ವರ್ಡ್‌ನ ಕಾಲ ಮುಗಿಯಿತು. ಈಗ ಎದುರಾಳಿಯ ರಕ್ಷಣಾ ಆಟಗಾರ ಚೆಂಡನ್ನು ಹೊರತರುವಾಗ ಅವನ ಮೇಲೆ ಮೊದಲು ಒತ್ತಡ ಹೇರಬೇಕಾದವನು ಫಾರ್ವರ್ಡ್. ಚೆಂಡು ಕಳೆದುಕೊಂಡ ಕ್ಷಣವೇ ತಿರುಗಿ ಓಡಬೇಕಾದವನೂ ಅವನೇ. 2023ರಲ್ಲಿ ಭಾರತ ತಂಡದ ಹೊಣೆ ಹೊತ್ತ ಕ್ರೇಗ್ ಫುಲ್ಟನ್ ಗೆಲ್ಲುವುದಕ್ಕಾಗಿಯೇ ರಕ್ಷಣೆ ಎಂಬ ತತ್ವವನ್ನು ತಂಡದ ಆಟದ ಬುನಾದಿಯಾಗಿಸಿದರು.

ಇಷ್ಟೆಲ್ಲ ಹೇಳಲು ಕಾರಣ ಪ್ಯಾರಿಸ್ ಅಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಶಾಲಾ ಮಕ್ಕಳು.

ಈ ಮೂರು ತಾಲ್ಲೂಕುಗಳು ಹಾಕಿಗೆ ಹೆಸರಾದವಲ್ಲ. ಅಲ್ಲಿನ ಮಕ್ಕಳಿಗೆ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಹತ್ತಿರ. ಎಲ್ಲ ಕಡೆಯಂತೆ ಕ್ರಿಕೆಟ್ ಇನ್ನೂ ಹತ್ತಿರ. ಆದರೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆ, ಕ್ರೀಡಾ ನಿಲಯಗಳ ಬಾಗಿಲು ನಿಯಮದಂತೆ ಅವರಿಗೂ ತೆರೆದೇ ಇದೆ. ಅಂತಹ ನಿಲಯದಲ್ಲಿ ಒಂದು ಸ್ಥಾನವೆಂದರೆ ಬರಿಯ ಆಟವಲ್ಲ. ಊಟ, ವಸತಿ, ಓದು, ತರಬೇತಿ. ಮುಂದೆ ರೈಲ್ವೆಯಲ್ಲೋ ಸೇನೆಯಲ್ಲೋ ಕ್ರೀಡಾ ಕೋಟಾದ ನೌಕರಿ. ಮಳೆಯಾಶ್ರಿತ ತೊಗರಿಯನ್ನು ನಂಬಿದ, ಬೆಳೆ ಕೈಕೊಟ್ಟ ವರ್ಷ ಮುಂಬೈಗೋ ಪುಣೆಗೋ ಗುಳೆ ಹೊರಡುವ ಕುಟುಂಬದ ಮಗುವಿಗೆ ಅದು ಬದುಕಿನ ದಿಕ್ಕನ್ನೇ ಬದಲಿಸಬಲ್ಲ ಸ್ಥಾನ. ಆ ಸ್ಥಾನ ನಿರ್ಧಾರವಾಗುವುದು ಹೇಗೆ? ಒಂದು ಬೆಳಗ್ಗೆ ಮೈದಾನದಲ್ಲಿ ನಡೆಯುವ ಓಟ, ಜಿಗಿತ, ಚೆಂಡೆಸೆತಗಳಿಂದ, ಎತ್ತರ-ತೂಕದ ಅಳತೆಯಿಂದ, ಸಮಯವಿದ್ದರೆ ಕೆಲವು ನಿಮಿಷಗಳ ಆಟದಿಂದ. ಆ ಕೆಲವು ನಿಮಿಷಗಳಲ್ಲಿ ಗೋಲು ಹೊಡೆದ ಹುಡುಗ ಆಯ್ಕೆದಾರರ ಕಣ್ಣಿಗೆ ಬೀಳುತ್ತಾನೆ. ಹಿಂದೆ ಓಡಿ ಚೆಂಡು ಕಸಿದವನು, ಎದುರಾಳಿ ಪಾಸ್ ಕೊಡದಂತೆ ದಾರಿ ಮುಚ್ಚಿ ನಿಂತವನು ಬೀಳುವುದಿಲ್ಲ. ಆಯ್ಕೆದಾರರನ್ನು ದೂರಿ ಪ್ರಯೋಜನವಿಲ್ಲ. ನೂರಾರು ಮಕ್ಕಳು, ಒಂದು ಬೆಳಗ್ಗೆ, ಒಂದು ಸೀಟಿ. ಕಣ್ಣು ಚೆಂಡಿನ ಹಿಂದೆಯೇ ಹೋಗುವುದು ಸಹಜ.

ಇದೇ ತೊಡಕನ್ನು ಬಹಳ ಹಿಂದೆಯೇ ಎದುರಿಸಿದ್ದು ಐಸ್ ಹಾಕಿ. ಕೆನಡಾ ಮತ್ತು ಅಮೆರಿಕದಲ್ಲಿ ಹಾಕಿ ಎಂದರೆ ಹಿಮದ ಅಂಕಣದ ಮೇಲಿನ ಆಟ. ಅಲ್ಲೂ ಫಾರ್ವರ್ಡ್‌ಗಳನ್ನು ಮೊದಲು ಗೋಲಿನಿಂದಲೇ ಅಳೆಯುತ್ತಿದ್ದರು. 1950ರ ದಶಕದಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಒಂದು ಸರಳ ಲೆಕ್ಕ ಆರಂಭಿಸಿತು: ಆಟಗಾರ ಅಂಕಣದಲ್ಲಿದ್ದಾಗ ತನ್ನ ತಂಡ ಗೋಲು ಹೊಡೆದರೆ ಅವನಿಗೆ ಒಂದು ಕೂಡು, ಎದುರಾಳಿ ಹೊಡೆದರೆ ಒಂದು ಕಳೆ. 1960ರ ದಶಕದ ಕೊನೆಯ ಹೊತ್ತಿಗೆ ಎನ್‌ಎಚ್‌ಎಲ್ ಲೀಗ್ ಅದನ್ನು ಅಧಿಕೃತಗೊಳಿಸಿತು. 1978ರಿಂದ ರಕ್ಷಣೆಯಲ್ಲಿ ಮಿಂಚುವ ಫಾರ್ವರ್ಡ್‌ಗೆಂದೇ ಫ್ರಾಂಕ್ ಸೆಲ್ಕಿ ಹೆಸರಿನ ಪ್ರಶಸ್ತಿ ಬಂದಿತು. ಮೊದಲ ನಾಲ್ಕು ವರ್ಷವೂ ಅದನ್ನು ಪಡೆದವರು ಬಾಬ್ ಗೇನಿ ಎಂಬ ಆಟಗಾರ. ಗೋಲುಗಳ ರಾಶಿ ಹಾಕಿದವರೇನಲ್ಲ.

ಕೂಡು-ಕಳೆಯ ಲೆಕ್ಕದಲ್ಲಿ ದೋಷವಿತ್ತು. ಗೋಲು ಅಪರೂಪದ ಘಟನೆ. ಹತ್ತು ಪಂದ್ಯಗಳಲ್ಲಿ ಬೀಳುವ ಗೋಲುಗಳಿಂದ ಒಬ್ಬನ ಸಾಮರ್ಥ್ಯ ಅಳೆಯುವುದೆಂದರೆ ಮೊದಲ ಮಳೆ ನೋಡಿ ತೊಗರಿಯ ರಾಶಿ ಎಷ್ಟೆಂದು ಹೇಳಿದಂತೆ. ಗೋಲ್‌ಕೀಪರ್‌ನ ಒಂದು ತಪ್ಪಿಗೆ ದೂರದಲ್ಲಿದ್ದ ಫಾರ್ವರ್ಡ್‌ನ ಲೆಕ್ಕದಲ್ಲಿ ಕಳೆ ಬೀಳುತ್ತಿತ್ತು. ಬಫಲೊ ಸೇಬರ್ಸ್ ತಂಡದ ಗೋಲ್‌ಕೀಪಿಂಗ್ ತರಬೇತುದಾರ ಜಿಮ್ ಕಾರ್ಸಿ, ತಮ್ಮ ಗೋಲ್‌ಕೀಪರ್ ಮೇಲೆ ಬೀಳುವ ಹೊರೆ ಎಷ್ಟೆಂದು ತಿಳಿಯಲು, ಗೋಲಿನತ್ತ ಬಂದ ಹೊಡೆತಗಳನ್ನೆಲ್ಲ ಎಣಿಸುತ್ತಿದ್ದರು. ಒಳಗೆ ಹೋದದ್ದು, ತಡೆದದ್ದು, ಗುರಿ ತಪ್ಪಿದ್ದು, ಮಧ್ಯದಲ್ಲೇ ಯಾರದೋ ಮೈಗೆ ತಾಗಿದ್ದು, ಎಲ್ಲವನ್ನೂ. ಈ ಎಣಿಕೆ ಮುಂದೆ ಅವರ ಹೆಸರಿನಲ್ಲೇ ಆಟಗಾರರ ಅಳತೆಯಾಯಿತು. ಆಟಗಾರ ಅಂಕಣದಲ್ಲಿದ್ದಾಗ ಎರಡೂ ಕಡೆ ನಡೆದ ಪ್ರಯತ್ನಗಳ ಅನುಪಾತವೇ ಅವನ ಅಂಕಿ. ಪ್ರಯತ್ನಗಳು ಗೋಲಿಗಿಂತ ಹತ್ತಾರು ಪಟ್ಟು ಹೆಚ್ಚು ನಡೆಯುವುದರಿಂದ ಅದೃಷ್ಟದ ಏರಿಳಿತ ಬೇಗ ಅಳಿಸಿಹೋಗುತ್ತದೆ. ಆಟಗಾರ ಚೆಂಡನ್ನು ಮುಟ್ಟದಿದ್ದರೂ ಅವನಿದ್ದಾಗ ಆಟ ಯಾವ ಕಡೆಗೆ ವಾಲುತ್ತಿತ್ತು ಎಂಬುದು ಕಾಣುತ್ತದೆ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನಷ್ಟು ಪರಿಷ್ಕಾರಗಳು ಸೇರಿವೆ: ಎದುರಿಗಿದ್ದ ಆಟಗಾರರು ಎಷ್ಟು ಬಲಿಷ್ಠರು, ಜೊತೆಗಿದ್ದವರು ಯಾರು, ಆಟ ಅಂಕಣದ ಯಾವ ಭಾಗದಿಂದ ಆರಂಭವಾಯಿತು.

ನಮ್ಮ ಹಾಕಿಗೆ ಇದನ್ನು ಒಗ್ಗಿಸಿಕೊಳ್ಳುವುದು ಕಷ್ಟವಲ್ಲ. ಇಲ್ಲಿಯೂ ಫಾರ್ವರ್ಡ್‌ಗಳು ಕೆಲವು ನಿಮಿಷಕ್ಕೊಮ್ಮೆ ಒಳಗೆ ಹೊರಗೆ ಓಡಾಡುತ್ತಾರೆ. ಒಬ್ಬ ಆಟಗಾರ ಇದ್ದಾಗ ಮತ್ತು ಇಲ್ಲದಾಗ ತಂಡ ಹೇಗೆ ಆಡಿತು ಎಂದು ಹೋಲಿಸಲು ಆಟವೇ ಅವಕಾಶ ಕೊಡುತ್ತದೆ. ಹೊಡೆತಗಳ ಬದಲು ಎದುರಾಳಿಯ ಡಿ ವೃತ್ತದೊಳಗೆ ಚೆಂಡು ಎಷ್ಟು ಬಾರಿ ಹೋಯಿತು, ನಮ್ಮ ವೃತ್ತದೊಳಗೆ ಎಷ್ಟು ಬಾರಿ ಬಂತು ಎಂದು ಎಣಿಸಬಹುದು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಇಬ್ಬರು ಹುಡುಗರು, ತಲಾ ನಲವತ್ತು ನಿಮಿಷದ ಆಟ. ಮೊದಲನೆಯವನು ಮೂರು ಗೋಲು ಹೊಡೆದ. ಅವನಿದ್ದಾಗ ತಂಡ ಎದುರಾಳಿಯ ವೃತ್ತ ಹೊಕ್ಕಿದ್ದು ಹತ್ತು ಬಾರಿ, ಎದುರಾಳಿ ಇತ್ತ ಹೊಕ್ಕಿದ್ದು ಹದಿನಾರು ಬಾರಿ. ಎರಡನೆಯವನದು ಗೋಲಿಲ್ಲ. ಅವನಿದ್ದಾಗ ಲೆಕ್ಕ ಹದಿನೈದಕ್ಕೆ ಏಳು. ಆಯ್ಕೆಯ ಮೈದಾನದಲ್ಲಿ ಚಪ್ಪಾಳೆ ಯಾರಿಗೆ ಎಂಬುದನ್ನು ಹೇಳಬೇಕಿಲ್ಲ. ಆದರೆ ಇಪ್ಪತ್ತು ಪಂದ್ಯಗಳ ಒಂದು ಋತುವಿಗೆ ಯಾರನ್ನು ನೆಚ್ಚಬೇಕು? ಮೊದಲನೆಯವನನ್ನು ಬಿಡಬೇಕೆಂದಲ್ಲ, ಗೋಲು ಹೊಡೆಯುವ ಕೈ ಸುಲಭಕ್ಕೆ ಸಿಗುವುದಿಲ್ಲ. ಎರಡನೆಯವನನ್ನು ಕಾಣದೆ ಹೋಗಬಾರದು ಎಂಬುದಷ್ಟೇ ವಾದ.

ನಮ್ಮ ರಾಜ್ಯದಲ್ಲೇ ಇದಕ್ಕೆ ಸಾಕ್ಷಿಯಿದೆ. ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್ 2007ರಿಂದ 2021ರ ನಡುವೆ ಭಾರತದ ಪರ 264 ಪಂದ್ಯಗಳನ್ನಾಡಿ 72 ಗೋಲು ಗಳಿಸಿದರು. ನಾಲ್ಕು ಪಂದ್ಯಕ್ಕೆ ಒಂದು ಗೋಲಿಗಿಂತ ತುಸು ಹೆಚ್ಚು, ಅಷ್ಟೆ. ಆದರೂ ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿದರು, ಅರ್ಜುನ ಪ್ರಶಸ್ತಿ ಪಡೆದರು, ಒಂದರ ಹಿಂದೊಂದು ಬಂದ ತರಬೇತುದಾರರಿಗೆಲ್ಲ ಬೇಕಾದವರಾಗಿದ್ದರು. ಬಲ ಅಂಚಿನಲ್ಲಿ ಅವರ ಓಟ ಎದುರಾಳಿಯ ರಕ್ಷಣೆಯನ್ನು ಎಳೆದಾಡುತ್ತಿತ್ತು. ಆ ಓಟದಿಂದ ದೊರೆತ ಪೆನಾಲ್ಟಿ ಕಾರ್ನರನ್ನು ಗೋಲಾಗಿಸಿದವರು ಬೇರೆಯವರು. ಪೆನಾಲ್ಟಿ ಕಾರ್ನರ್ ಗಳಿಸಿಕೊಟ್ಟವನ ಹೆಸರು ಸ್ಕೋರ್ ಪಟ್ಟಿಯಲ್ಲಿ ಇರುವುದಿಲ್ಲ.

ಹಾಗೆಂದು ಎಣಿಸಿದ್ದೆಲ್ಲವೂ ಸತ್ಯವಲ್ಲ. ಇಲ್ಲಿ ಎಚ್ಚರ ತಪ್ಪಿದರೆ ಹೊಸ ಅಳತೆ ಹಳೆಯದಕ್ಕಿಂತ ಕ್ರೂರವಾದೀತು. ಫಾರ್ವರ್ಡ್‌ನ ರಕ್ಷಣಾ ಆಟ ಎಂದೊಡನೆ ನೆನಪಾಗುವುದು ಅವನು ಎಷ್ಟು ಬಾರಿ ಚೆಂಡು ಕಸಿದ ಎಂಬ ಸಂಖ್ಯೆ. ಅದು ಮೋಸದ ಸಂಖ್ಯೆ. ತಾನೇ ಚೆಂಡು ಕಳೆದುಕೊಂಡು ತಾನೇ ಬೆನ್ನಟ್ಟಿ ಕಸಿದುಕೊಳ್ಳುವವನಿಗೆ ಅಂಕ ಹೆಚ್ಚು. ಮೊದಲೇ ಕಳೆದುಕೊಳ್ಳದವನಿಗೆ ಕಡಿಮೆ. ದುರ್ಬಲ ತಂಡದಲ್ಲಿ ಆಡುವವನಿಗೆ ರಕ್ಷಣೆಯ ಕೆಲಸವೇ ಹೆಚ್ಚು, ಆದ್ದರಿಂದ ಅಂಕವೂ ಹೆಚ್ಚು. ಬಲಿಷ್ಠ ತಂಡದಲ್ಲಿರುವವನಿಗೆ ಆ ಅವಕಾಶವೇ ಬಾರದು. ಸರಿಯಾದ ಜಾಗದಲ್ಲಿ ನಿಂತು ಎದುರಾಳಿ ಹಿಂದಕ್ಕೇ ಪಾಸ್ ಕೊಡುವಂತೆ ಮಾಡಿದ ಹುಡುಗ ಚೆಂಡನ್ನು ಮುಟ್ಟಿಯೇ ಇರುವುದಿಲ್ಲ. ಆದರೆ ಅತ್ಯುತ್ತಮ ರಕ್ಷಣೆ ಅವನದೇ. ಅಲ್ಲದೆ, ಮಕ್ಕಳಿಗೆ ಎಣಿಕೆಯ ಸುಳಿವು ಸಿಕ್ಕೊಡನೆ ಅವರು ಎಣಿಕೆಗಾಗಿಯೇ ಆಡತೊಡಗುತ್ತಾರೆ. ಪರೀಕ್ಷೆಯ ಅಂಕಗಳಿಗಾಗಿ ಓದುವುದನ್ನು ಕಲಿಸಿರುವ ನಮ್ಮ ಶಾಲೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ತೊಡಕು ವಯಸ್ಸಿನದು. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್‌ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಪರಿಶೀಲಿಸಿತು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ನಿರೀಕ್ಷೆಗಿಂತ ಬಹಳ ಹೆಚ್ಚಿದ್ದರು. ಕಾರಣ ಜ್ಯೋತಿಷ್ಯವಲ್ಲ. ವಯೋಮಿತಿಯ ಗಡಿ ಜನವರಿ 1 ಆಗಿದ್ದರಿಂದ, ಜನವರಿಯಲ್ಲಿ ಹುಟ್ಟಿದ ಮಗು ಅದೇ ಗುಂಪಿನ ಡಿಸೆಂಬರಿನ ಮಗುವಿಗಿಂತ ಸುಮಾರು ಒಂದು ವರ್ಷ ದೊಡ್ಡದು. ಹತ್ತು ವರ್ಷದ ಮಕ್ಕಳಲ್ಲಿ ಅದು ದೊಡ್ಡ ಅಂತರ. ಆಯ್ಕೆದಾರರು ಅದನ್ನೇ ಪ್ರತಿಭೆ ಎಂದು ಭ್ರಮಿಸಿದ್ದರು. ನಮ್ಮಲ್ಲಿ ಈ ಪರಿಶೀಲನೆಯನ್ನೂ ಮಾಡಲಾಗದು. ಹಳ್ಳಿಯ ಶಾಲೆಗಳ ದಾಖಲಾತಿ ಪುಸ್ತಕ ತೆರೆದರೆ ಮಕ್ಕಳಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಜೂನ್ 1ರಂದೇ! ಶಾಲೆಗೆ ಸೇರಿಸಲು ಮಗುವನ್ನು ಕರೆತಂದಾಗ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಇಂತಹ ವಯಸ್ಸನ್ನು ಆಧಾರವಾಗಿಟ್ಟುಕೊಂಡು ಓಟದ ಸೆಕೆಂಡುಗಳನ್ನು ಹೋಲಿಸುವುದರಲ್ಲಿ ವಿಜ್ಞಾನ ಎಷ್ಟಿದೆಯೆಂದು ಇಲಾಖೆಯೇ ಕೇಳಿಕೊಳ್ಳಬೇಕು. ಮೈಕಟ್ಟಿನ ಅನುಕೂಲ ಕಾಲಕ್ರಮದಲ್ಲಿ ಕರಗುತ್ತದೆ. ಚೆಂಡು ಕಳೆದುಕೊಂಡಾಗ ತಿರುಗಿ ಓಡುವ ಸ್ವಭಾವ, ಎದುರಾಳಿಯ ಮುಂದಿನ ಪಾಸ್ ಎಲ್ಲಿಗೆ ಎಂದು ಊಹಿಸುವ ಬುದ್ಧಿ ಹಾಗೆ ಕರಗುವಂಥವಲ್ಲ. ಎಳೆಯ ವಯಸ್ಸಿನಲ್ಲಿ ನೋಡಬೇಕಾದದ್ದು ಅದನ್ನು.

ಅಂಕಿಯ ಶಕ್ತಿಯನ್ನೂ ಅದರ ಮಿತಿಯನ್ನೂ ಈ ಮೂರು ತಾಲ್ಲೂಕುಗಳು ಬೇರೊಂದು ಬಗೆಯಲ್ಲಿ ಅನುಭವಿಸಿವೆ. ಈ ಭಾಗ ಹಿಂದುಳಿದಿದೆ ಎಂಬುದು ದಶಕಗಳ ಕಾಲ ಭಾಷಣದ ಮಾತಾಗಿತ್ತು, ಕೇಳುವವರಿಗೆ ಬರಿಯ ಗೊಣಗಾಟವಾಗಿತ್ತು. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ರಚನೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಸಲ್ಲಿಸಿದಾಗ ಚಿತ್ರ ಬದಲಾಯಿತು. ಸಮಿತಿ 35 ಸೂಚಕಗಳನ್ನು ಒಟ್ಟುಗೂಡಿಸಿ, ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟುಕೊಂಡು, ಪ್ರತಿಯೊಂದು ತಾಲ್ಲೂಕಿಗೂ ಒಂದು ಸೂಚ್ಯಂಕ ಕೊಟ್ಟಿತು. 39 ತಾಲ್ಲೂಕುಗಳು ಅತ್ಯಂತ ಹಿಂದುಳಿದವು ಎಂದು ಗುರುತಾದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಅಂದಿನಿಂದ ಕೊರತೆಗೊಂದು ದಾಖಲೆ ಸಿಕ್ಕಿತು. ಬೇಡಿಕೆ ಹಕ್ಕಿನ ರೂಪ ತಳೆಯಿತು. ಮುಂದೆ 2013ರಲ್ಲಿ ಸಂವಿಧಾನದ 371 (ಜೆ) ವಿಧಿ ಜಾರಿಗೆ ಬರುವವರೆಗಿನ ಹೋರಾಟಕ್ಕೆ ಅದು ಬಲ ನೀಡಿತು. ಆದರೆ ಅದೇ ಸೂಚ್ಯಂಕ ತಾಲ್ಲೂಕಿನ ಸರಾಸರಿಯನ್ನಷ್ಟೇ ಹೇಳುತ್ತದೆ. ಆಳಂದ ಪಟ್ಟಣಕ್ಕೂ ಅದರ ಅಂಚಿನ ತಾಂಡಾಕ್ಕೂ ಇರುವ ಅಂತರ ಅದರಲ್ಲಿ ಕಾಣುವುದಿಲ್ಲ. ಎಣಿಸಿದ್ದರಿಂದ ನ್ಯಾಯದ ಬಾಗಿಲು ತೆರೆಯಿತು, ಎಣಿಸದೆ ಬಿಟ್ಟದ್ದು ಹೊರಗೇ ಉಳಿಯಿತು. ಆಟಗಾರನ ಅಂಕಿಗೂ ಇದೇ ಮಾತು ಅನ್ವಯಿಸುತ್ತದೆ.

ಈಗ ಮುಖ್ಯ ತೊಡಕಿಗೆ ಬರೋಣ. ಈ ಬಗೆಯ ಅಂಕಿ ಅಂಶ ಹುಟ್ಟುವುದು ಪಂದ್ಯಗಳಿಂದ. ಪಂದ್ಯಗಳೇ ಇಲ್ಲದ ಕಡೆ ಎಣಿಸುವುದೇನನ್ನು?

ಕೊಡಗಿನ ಉದಾಹರಣೆಯನ್ನು ಇಲ್ಲಿ ಗಮನಿಸಬೇಕು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ನಡುವಣ ಹಾಕಿ ಪಂದ್ಯಾವಳಿ ಆರಂಭಿಸಿದರು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಆವೃತ್ತಿಯಲ್ಲಿ 360 ಕುಟುಂಬ ತಂಡಗಳು ಪಾಲ್ಗೊಂಡವು. ಅಲ್ಲಿನ ಮಗು ಆಯ್ಕೆಯ ಮೈದಾನಕ್ಕೆ ಬರುವ ಹೊತ್ತಿಗೆ ಹತ್ತಾರು ಪಂದ್ಯಗಳನ್ನು ನೋಡಿರುತ್ತದೆ, ಕೆಲವನ್ನು ಆಡಿರುತ್ತದೆ. ಕೂಡಿಗೆಯ ಕ್ರೀಡಾ ಶಾಲೆಯೂ ಪೊನ್ನಂಪೇಟೆಯ ಕ್ರೀಡಾ ನಿಲಯವೂ ಹತ್ತಿರದಲ್ಲೇ ಇವೆ. ಅದರ ಪಕ್ಕದಲ್ಲಿ ಜೇವರ್ಗಿಯ ಮಗುವನ್ನು ನಿಲ್ಲಿಸಿ ಒಂದೇ ಅಳತೆಪಟ್ಟಿಯಿಂದ ಅಳೆದರೆ ಅದು ಅಳೆಯುವುದು ಪ್ರತಿಭೆಯನ್ನಲ್ಲ, ಊರನ್ನು. ನಾಳೆ ಇಲಾಖೆ ಕಂಪ್ಯೂಟರು, ವಿಡಿಯೊ, ಜಿಪಿಎಸ್ ಪಟ್ಟಿಗಳನ್ನು ತಂದು ಆಯ್ಕೆಯನ್ನು ವೈಜ್ಞಾನಿಕವಾಗಿಸಿದೆವು ಎಂದು ಹೇಳಿಕೊಂಡರೂ, ದಾಖಲೆ ಇರುವ ಮಕ್ಕಳೇ ಮುಂದೆ ಬರುತ್ತಾರೆ. ದಾಖಲೆ ಇಲ್ಲದಿರುವುದೇ ಅನರ್ಹತೆಯಾಗುತ್ತದೆ. ಮುಂದುವರಿದ ಅಂಕಿ ಅಂಶದ ಬಗ್ಗೆ ನಮ್ಮ ನಿಜವಾದ ಆತಂಕ ಇದು.

ಆದ್ದರಿಂದ ಕ್ರಮ ತಿರುಗಬೇಕು: ಮೊದಲು ಪಂದ್ಯ, ನಂತರ ಪುಸ್ತಕ, ಕೊನೆಗೆ ಆಯ್ಕೆ. ಕೃತಕ ಹಾಸಿನ ಕ್ರೀಡಾಂಗಣ ಬರುವವರೆಗೆ ಕಾಯುವುದು ಬೇಡ. ಈ ಭಾಗದಲ್ಲಿ ಕ್ರೀಡೆಗೆ ಅನುದಾನವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಾಂಪೌಂಡು, ಪೆವಿಲಿಯನ್ನು, ಶಂಕುಸ್ಥಾಪನೆಯ ಕಲ್ಲು. ಐವರ ಹಾಕಿಗೆ ಇದಾವುದೂ ಬೇಡ. ತಂಡಕ್ಕೆ ಐದು ಮಂದಿ, ಚಿಕ್ಕ ಅಂಕಣ, ಕಡಿಮೆ ಅವಧಿ. ಅಂತರರಾಷ್ಟ್ರೀಯ ಹಾಕಿ ಸಂಸ್ಥೆಯೇ ಈ ಮಾದರಿಯನ್ನು ಬೆಳೆಸಿದೆ. 2018ರ ಬ್ಯೂನಸ್ ಐರಿಸ್ ಯುವ ಒಲಿಂಪಿಕ್ಸ್‌ನಲ್ಲಿ ಭಾರತದ ಬಾಲಕರೂ ಬಾಲಕಿಯರೂ ಇದರಲ್ಲಿ ಬೆಳ್ಳಿ ಗೆದ್ದರು. ನಮ್ಮ ವಾದಕ್ಕೆ ಇದರ ಇನ್ನೊಂದು ಗುಣ ಮುಖ್ಯ. ಐವರ ಆಟದಲ್ಲಿ ಬರಿಯ ಫಾರ್ವರ್ಡ್ ಎಂಬುವನೇ ಇರಲಾರ. ಪ್ರತಿಯೊಬ್ಬನೂ ಮುಂದೆ ಓಡಬೇಕು, ಹಿಂದೆಯೂ ಓಡಬೇಕು. ಯಾರು ಓಡುವುದಿಲ್ಲ ಎಂಬುದು ಐದೇ ನಿಮಿಷದಲ್ಲಿ ಎಲ್ಲರಿಗೂ ಕಾಣುತ್ತದೆ.

ಪುಸ್ತಕವೆಂದರೆ ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಮೂರೇ ಸಂಗತಿ ಬರೆದರೆ ಸಾಕು. ಮಗು ಅಂಕಣದಲ್ಲಿದ್ದಾಗ ಚೆಂಡು ಎರಡೂ ಗೋಲುಗಳ ಸಮೀಪಕ್ಕೆ ಎಷ್ಟೆಷ್ಟು ಬಾರಿ ಹೋಯಿತು. ಎದುರಾಳಿಯ ಅರ್ಧಭಾಗದಲ್ಲಿ ಅದು ಚೆಂಡನ್ನು ಎಷ್ಟು ಬಾರಿ ಮರಳಿ ಪಡೆಯಿತು. ತಾನು ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡುಗಳಲ್ಲಿ ಏನು ಮಾಡಿತು: ಬೆನ್ನಟ್ಟಿತೆ, ದಾರಿ ಮುಚ್ಚಿತೆ, ಸೊಂಟದ ಮೇಲೆ ಕೈಯಿಟ್ಟು ನಿಂತಿತೆ? ಈ ಮೂರನೆಯದನ್ನು ಎಣಿಸುವುದು ಕಷ್ಟವಲ್ಲ, ನೋಡುವ ಅಭ್ಯಾಸ ಬೇಕು. ಬರೆಯುವವರು ಆಡದೆ ಹೊರಗೆ ಕುಳಿತ ಮಕ್ಕಳೇ ಆಗಬಹುದು. ಆಟವನ್ನು ಹೇಗೆ ನೋಡಬೇಕೆಂದು ಅವರೂ ಕಲಿಯುತ್ತಾರೆ. ಜಿಮ್ ಕಾರ್ಸಿ ಅವರ ಲೆಕ್ಕ ಆರಂಭವಾದದ್ದೂ ಕೈಬರಹದ ಎಣಿಕೆಯಿಂದಲೇ ಹೊರತು ಯಂತ್ರದಿಂದಲ್ಲ. ಗೋಲನ್ನೂ ಬರೆಯಬೇಕು, ಖಂಡಿತ. ಅದಕ್ಕೊಂದು ಕಾಲಂ ಇರಲಿ, ಇಡೀ ಪುಟ ಬೇಡ.

ಬರೆಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಅನೇಕ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ. ಇರುವವರು ಗಣತಿ, ಚುನಾವಣೆ, ಮೆರವಣಿಗೆಯ ಶಿಸ್ತು ಎಂದು ಹಂಚಿಹೋಗಿರುತ್ತಾರೆ. ಎಲ್ಲ ಶಾಲೆಗಳಲ್ಲೂ ಒಮ್ಮೆಗೇ ಇದು ಸಾಧ್ಯ ಎಂದು ನಾವು ಹೇಳುತ್ತಿಲ್ಲ. ದೈಹಿಕ ಶಿಕ್ಷಕರಿರುವ, ಆಸಕ್ತಿಯಿರುವ ಕೆಲವೇ ಪ್ರೌಢಶಾಲೆಗಳಿಂದ ಪ್ರತಿ ತಾಲ್ಲೂಕಿನಲ್ಲೂ ಆರಂಭಿಸಬಹುದು; ಸುತ್ತಲಿನ ಪ್ರಾಥಮಿಕ ಶಾಲೆಗಳ ಮಕ್ಕಳು ಅಲ್ಲಿಗೆ ಬರಲಿ. ಹುಡುಗಿಯರ ತಂಡಗಳು ಮೊದಲ ವರ್ಷದಿಂದಲೇ ಇರಬೇಕು. ಆಮೇಲೆ ಸೇರಿಸೋಣ ಎಂದವರು ಸೇರಿಸಿದ್ದು ಕಡಿಮೆ.

ಕುಡಿಯುವ ನೀರು, ಶಿಕ್ಷಕರು, ಬಸ್ಸು ಇವೇ ಸಾಲದ ಕಡೆ ಹಾಕಿಯ ಅಂಕಿ ಅಂಶವೆಂಬುದು ವಿಲಾಸವಲ್ಲವೆ ಎಂದು ಕೇಳುವವರಿದ್ದಾರೆ. ಆಕ್ಷೇಪಣೆಯಲ್ಲಿ ತೂಕವಿದೆ. ಆದರೆ ಆಯ್ಕೆ ಹೇಗಿದ್ದರೂ ನಡೆಯುತ್ತಿದೆ, ಅಳತೆ ಈಗಲೂ ಇದೆ. ಎತ್ತರವೂ ಅಂಕಿಯೇ, ಓಟದ ಸೆಕೆಂಡೂ ಅಂಕಿಯೇ, ಗೋಲೂ ಅಂಕಿಯೇ. ಅಂಕಿ ಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಸುಲಭಕ್ಕೆ ಸಿಗುವ ಅಂಕಿಯನ್ನು ನಂಬಿ ಮಗುವನ್ನು ಮನೆಗೆ ಕಳುಹಿಸಬಹುದೋ ಎಂಬುದು ಪ್ರಶ್ನೆ. ಇಂಥ ನೋಟ್‌ಬುಕ್ಕು ತರಬೇತುದಾರನ ಕಣ್ಣಿಗೆ ಪರ್ಯಾಯವೂ ಅಲ್ಲ. ಪುಸ್ತಕ ಒಂದು ಹೇಳಿ ಅನುಭವಿ ಕಣ್ಣು ಇನ್ನೊಂದು ಹೇಳಿದರೆ, ಆ ಮಗುವನ್ನು ಮತ್ತೊಮ್ಮೆ ಆಡಿಸಿ ನೋಡಬೇಕು. ಈಗಿನ ವ್ಯವಸ್ಥೆಯಲ್ಲಿ ಹಾಗೆ ಮತ್ತೊಮ್ಮೆ ನೋಡಲು ಕಾರಣವೇ ಹುಟ್ಟುವುದಿಲ್ಲ.

ಕಾಲದ ಮಾತೊಂದು ಉಳಿದಿದೆ. ಶಾಲಾ ಕ್ರೀಡಾಕೂಟಗಳು ನಡೆಯುವುದು ಬಹುಮಟ್ಟಿಗೆ ಮಳೆಗಾಲದಲ್ಲಿ. ಕಲಬುರಗಿ ಸೀಮೆಯ ಎರೆಮಣ್ಣು ಆಗ ಕಾಲಿಗೆ ಮೆತ್ತಿಕೊಳ್ಳುತ್ತದೆ; ಸ್ಟಿಕ್ ಹಿಡಿದು ಚೆಂಡು ಉರುಳಿಸುವ ಮಾತು ದೂರ ಉಳಿಯಿತು. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಡುತ್ತದೆ, ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಗುಳೆ ಹೋದ ಮನೆಗಳ ಮಕ್ಕಳು ಊರಿನಲ್ಲೇ ಇರುವುದಿಲ್ಲ. ದಸರಾ ರಜೆ ಮುಗಿದ ಮೇಲಿನಿಂದ ಸಂಕ್ರಾಂತಿಯವರೆಗಿನ ಸುಮಾರು ಹನ್ನೆರಡು ವಾರ ಮಾತ್ರ ನೆಲವೂ ಗಟ್ಟಿ, ಹವೆಯೂ ಹಿತ, ತೊಗರಿ ಇನ್ನೂ ಹೊಲದಲ್ಲಿರುವುದರಿಂದ ಮನೆಮಂದಿಯೂ ಊರಿನಲ್ಲಿ. ವಾರಕ್ಕೊಂದು ಶನಿವಾರ ಮಧ್ಯಾಹ್ನದಂತೆ ಹಿಡಿದರೂ ಪ್ರತಿ ಮಗುವಿಗೆ ಹತ್ತು ಪಂದ್ಯ ಸಿಗುತ್ತದೆ. ಮುಂದಿನ ಆಯ್ಕೆಗೆ ಆಳಂದದಿಂದ ಬರುವ ಮಗುವಿನ ಕೈಯಲ್ಲಿ ಜನ್ಮದಿನಾಂಕದ ಪ್ರಮಾಣಪತ್ರದ ಜೊತೆಗೆ ಆ ಹತ್ತು ಪಂದ್ಯಗಳ ಹಾಳೆಯೂ ಇರುವಂತೆ ಇಲಾಖೆ ಈ ವರ್ಷವೇ ಸುತ್ತೋಲೆ ಹೊರಡಿಸಲಿ.